ಭಾವನ ವಿಮಾನ ಎಡಕ್ಕೆ ತಿರುಗಿದಾಗ

ನಮ್ಮ ಭಾವನಿಗೆ ಸೈಟಿನಲ್ಲಿ ಹದ್ದಣ್ಣ ಎಂದು ಹೆಸರು. ಆ ಹೆಸರು ಇಟ್ಟವನು ನಾನೇ ಎಂದು ನಾನು ಹೇಳಿಕೊಂಡು ತಿರುಗುತ್ತೇನೆ, ಯಾರೂ ನಂಬುವುದಿಲ್ಲ. ಎದ್ದು ನಿಲ್ಲುತ್ತಿರುವ ದೊಡ್ಡ ಕಟ್ಟಡಗಳ ಪಕ್ಕ ಟವರ್ ಕ್ರೇನು ಇರುತ್ತದಲ್ಲ, ಅದರ ನೆತ್ತಿಯ ಗಾಜಿನ ಕ್ಯಾಬಿನ್ನಿನಲ್ಲಿ ಕೂತು ಭಾರ ಎತ್ತಿ ಇಳಿಸುವುದು ಅವರ ಕೆಲಸ. ಅಷ್ಟು ಮೇಲಿನಿಂದ ಕೆಳಗಿನವನ ಅಂಗಿಯ ಗುಂಡಿ ಬಿಚ್ಚಿದ್ದರೂ ಅವರಿಗೆ ಗೊತ್ತಾಗುತ್ತದೆ ಎಂದು ಸೈಟಿನಲ್ಲಿ ಮಾತು. ಕಳ್ಳತನದಿಂದ ಸಿಗರೇಟು ಸೇದಲು ಹೋದವರೂ ಒಮ್ಮೆ ಮೇಲೆ ನೋಡಿಯೇ ಕಡ್ಡಿ ಗೀರುತ್ತಿದ್ದರು.

ನಾನು ಅವರ ತಂಗಿಯ ಗಂಡ. ಅವರು ಕ್ರೇನಿನ ಮೇಲೆ, ನಾನು ಅದರ ಕೆಳಗೆ. ಮನೆಯಲ್ಲೂ ಅದೇ ಏರ್ಪಾಡು: ನಾವು ಗಂಡ ಹೆಂಡತಿ ಕೆಳಗಿನ ಮನೆಯಲ್ಲಿ, ಅವರು ಮೇಲಿನ ಒಂಟಿ ಕೋಣೆಯಲ್ಲಿ. ಅಪ್ಪ ಅಮ್ಮ ಬೇಗ ತೀರಿಕೊಂಡದ್ದರಿಂದ ತಾವೇ ತಂಗಿಯನ್ನು ಸಾಕಿ, ಓದಿಸಿ, ನನ್ನಂಥವನಿಗೆ ಕೊಟ್ಟು ಮದುವೆ ಮಾಡಿದ ಮೇಲೆ ತಮ್ಮ ಮದುವೆಯ ಮಾತು ಬಂದರೆ, "ಮೇಲೆ ಹತ್ತಿ ಇಳಿಯೋದ್ರಲ್ಲೇ ವಯಸ್ಸಾಗಿಹೋಯ್ತು, ಯಾವಾಗ ಹುಡುಕ್ಲಿ?" ಎನ್ನುತ್ತಿದ್ದರು. ತಂಗಿಯ ಗಂಡನೆಂದು ನನಗೆ ವಿಶೇಷ ಮರ್ಯಾದೆ ಏನೂ ಇರಲಿಲ್ಲ. ಮನೆಯಲ್ಲಿ "ಮಹರಾಯ", ಸೈಟಿನಲ್ಲಿ "ಕೈ". ಸಿಗ್ನಲ್ ಕೊಡುವವನಿಗೆ ಕೈ ಬಿಟ್ಟರೆ ಇನ್ನೇನಿದೆ ಎಂಬುದು ಅವರ ವಾದ.

ನಮ್ಮ ಕೆಲಸದ ಒಂದು ಕಟ್ಟಳೆ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಭಾರಕ್ಕೆ ಸರಪಳಿ ಬಿಗಿಯುವವನೊಬ್ಬ ಇರುತ್ತಾನೆ. ಅವನು ಕೊಕ್ಕೆ ಹಾಕಿ ಹಿಂದೆ ಸರಿಯುತ್ತಾನೆ. ನಾನು ನೀರಿನ ಟ್ಯಾಂಕಿನ ಪಕ್ಕ ನಿಂತು, ಸುತ್ತ ಯಾರೂ ಅಡ್ಡ ಇಲ್ಲವೆಂದು ಖಾತರಿ ಮಾಡಿಕೊಂಡು, ಬಲಗೈ ಎತ್ತುತ್ತೇನೆ. ಸಾಮಾನು ಎತ್ತಲು ಕ್ರೇನಿನ ತೋಳು ಬಂದು ನಿಂತಾಗ ಕ್ಯಾಬಿನ್ನಿನಲ್ಲಿ ಕೂತವರಿಗೆ ಆ ಟ್ಯಾಂಕು ಎಡಗಡೆ ಬೀಳುತ್ತದೆ. ನನ್ನ ಕೈ ಕಂಡ ಮೇಲೆ ಭಾವ ಒಮ್ಮೆ ಹಾರ್ನ್ ಹೊಡೆಯುತ್ತಾರೆ. ಅದರ ಅರ್ಥ 'ನಿನ್ನನ್ನು ನೋಡಿದೆ' ಎಂದು. ಹಾರ್ನ್ ಆಗದೆ ಭಾರ ನೆಲ ಬಿಡುವ ಹಾಗಿಲ್ಲ. ನನ್ನ ಕೈ ಕಾಣದೆ ಹಾರ್ನ್ ಹೊಡೆಯುವ ಹಾಗಿಲ್ಲ. ವಾಕಿಟಾಕಿಯನ್ನೂ ಕೊಟ್ಟಿದ್ದರು. "ಅದರ ಗೊರಗೊರಕ್ಕಿಂತ ನಿನ್ನ ಕೈಯೇ ವಾಸಿ" ಎಂದು ಭಾವ ಅದನ್ನು ಮೊಳೆಗೆ ನೇತುಹಾಕಿದ್ದರು. ನನಗೂ ಅದೇ ಸರಿ ಎನಿಸಿತ್ತು. ಎಷ್ಟು ಟನ್ ಕಬ್ಬಿಣ ನನ್ನ ತಲೆಯ ಮೇಲಿಂದ ಹೋಗಿದೆಯೋ, ಒಂದು ದಿನವೂ ನಾನು ತಲೆ ಬಗ್ಗಿಸಿದವನಲ್ಲ.

ಇಂಥ ಮನುಷ್ಯನಿಗೆ ಹಳೆಯ ಹುಚ್ಚೊಂದು ಇತ್ತು. ನನ್ನ ಮದುವೆಗೂ ಮುಂಚೆ ಅವರು ರೇಡಿಯೋದಿಂದ ಹಾರಿಸುವ ಪುಟ್ಟ ವಿಮಾನಗಳನ್ನು ಕಟ್ಟುತ್ತಿದ್ದರಂತೆ. ಹಗುರ ಮರದ ಪಟ್ಟಿ ಕೊಯ್ದು, ಅಂಟಿಸಿ, ಅದರ ಮೇಲೆ ಬಣ್ಣದ ಹಾಳೆಯನ್ನು ಇಸ್ತ್ರಿಪೆಟ್ಟಿಗೆಯಲ್ಲಿ ಎಳೆದು ಕೂರಿಸಿ. ಆಮೇಲೆ ಭಾನುವಾರವೂ ಕ್ರೇನಿನ ಪಾಳಿ ಬಂತು, ವಿಮಾನ ಅಟ್ಟಕ್ಕೆ ಹೋಯಿತು. ಸುಮಾರು ಇಪ್ಪತ್ತು ವರ್ಷ ಅದು ಅಲ್ಲೇ ಧೂಳು ತಿಂದಿತು. ಈ ವರ್ಷ ಮನೆಗೆ ಸುಣ್ಣಬಣ್ಣ ಮಾಡಿಸಲು ಅಟ್ಟ ಖಾಲಿ ಮಾಡುವಾಗ ನನ್ನ ಹೆಂಡತಿ ಒಂದು ಉದ್ದದ ರಟ್ಟಿನ ಪೆಟ್ಟಿಗೆ ಕೆಳಗಿಳಿಸಿ, "ಅಣ್ಣಾ, ಇದನ್ನ ಗುಜರಿಗೆ ಹಾಕ್ಲಾ?" ಎಂದಳು.

ಭಾವ ಬಂದು ಪೆಟ್ಟಿಗೆ ತೆರೆದರು. ಒಳಗೆ ಹಳದಿ ರೆಕ್ಕೆ, ಬೆರಳು ಗಾತ್ರದ ಎಂಜಿನ್ನು, ಉದ್ದ ಆಂಟೆನಾದ ರೇಡಿಯೋ ಡಬ್ಬಿ. ಅವರು ಎಂಜಿನ್ನನ್ನು ಮೂಗಿಗೆ ಹಿಡಿದು ಉಸಿರೆಳೆದರು. ಅದರಲ್ಲಿ ಇನ್ನೂ ಹಳೆಯ ಎಣ್ಣೆಯ ವಾಸನೆ ಉಳಿದಿತ್ತಂತೆ.

"ಗುಜರಿಗಾ? ನಿನ್ನ ಗಂಡನ್ನ ಹಾಕು ಬೇಕಾದ್ರೆ," ಎಂದರು ತಂಗಿಗೆ.

ಅಂದಿನಿಂದ ಮೇಲಿನ ಕೋಣೆಯಲ್ಲಿ ಅಂಟಿನ ವಾಸನೆ. ನಮ್ಮ ಇಸ್ತ್ರಿಪೆಟ್ಟಿಗೆ ಮಹಡಿ ಹತ್ತಿದ್ದು ಇಳಿಯಲೇ ಇಲ್ಲ. ನಾನು ಸುಕ್ಕು ಅಂಗಿಯಲ್ಲಿ ಓಡಾಡಿದೆ. ರೇಡಿಯೋ ಮಾತ್ರ ಹೊಸದು ಬೇಕಾಯಿತು, ಹಳೆಯದನ್ನು ನೋಡಿ ಅಂಗಡಿಯವನು ಕೈ ಮುಗಿದನಂತೆ. ನಾನು ಕಾಲೆಳೆಯದೆ ಬಿಡುತ್ತೇನೆಯೇ? "ಭಾವ, ಆಟದ ಸಾಮಾನು ಮೊಮ್ಮಕ್ಕಳ ವಯಸ್ಸಿನವರಿಗಲ್ಲವಾ?" ಎಂದೆ. "ಮೊಮ್ಮಕ್ಕಳಿಲ್ಲ, ಅದಕ್ಕೇ ನಾನೇ ಆಡ್ಬೇಕು," ಎಂದರು. ಅವರ ಮುಖದಲ್ಲಿ ಅಷ್ಟು ಕಳೆ ನಾನು ನೋಡಿ ಎಷ್ಟೋ ಕಾಲವಾಗಿತ್ತು.

ಆ ದಿನಗಳಲ್ಲಿ ಭಾವನ ಬಗ್ಗೆ ನಮ್ಮ ಮನೆಯಲ್ಲಿ ನಗುವುದಕ್ಕೆ ಬೇಕಾದಷ್ಟಿತ್ತು. ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ಬಡಿಯುತ್ತಿತ್ತು. ಊಟಕ್ಕೆ ಕೂತರೆ ಎಡಗಡೆಯ ನೀರಿನ ಲೋಟ ಉರುಳುತ್ತಿತ್ತು. ತಟ್ಟೆಯ ಎಡಕ್ಕೆ ಬಡಿಸಿದ್ದು ಹಾಗೇ ಉಳಿದು, "ಅಣ್ಣನಿಗೆ ನನ್ನ ಕೈಯಡುಗೆ ಸೇರ್ತಿಲ್ಲ" ಎಂದು ನನ್ನ ಹೆಂಡತಿ ಮುಖ ಊದಿಸಿದ್ದಳು. "ವಿಮಾನದ ಧ್ಯಾನ ಕಣೇ, ನೆಲದ ಮೇಲಿದ್ದರೆ ತಾನೆ ತಟ್ಟೆ ಕಾಣೋದು," ಎಂದು ನಾನು ಸಮಾಧಾನ ಮಾಡಿದ್ದೆ. ಅವಳು ನಕ್ಕಳು. ಭಾವನೂ ನಕ್ಕರು.

ಊರಾಚೆ ಹಳೆಯ ಮೈದಾನವೊಂದರಲ್ಲಿ ಭಾನುವಾರ ಬೆಳಿಗ್ಗೆ ಇಂಥ ಹುಚ್ಚರೆಲ್ಲ ಸೇರುತ್ತಾರೆ. ಅವರ ಯಜಮಾನ ಒಬ್ಬ ಹಲ್ಲಿನ ಡಾಕ್ಟರು. ವಾರವೆಲ್ಲ ಬಾಯೊಳಗೆ ನೋಡಿದ ಮನುಷ್ಯ, ಭಾನುವಾರ ಆಕಾಶ ನೋಡುತ್ತಾರೆ. ಅಲ್ಲಿಯೂ ಕಟ್ಟಳೆಗಳಿವೆ. ಹಾರಿಸುವವರು ಗೆರೆಯ ಮೇಲೆ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಬೇಕು. ಇಳಿಸುವ ಮುಂಚೆ ಕೂಗಿ ಹೇಳಬೇಕು. ಹಾರಿಸುವವನು ವಿಮಾನದಿಂದ ಕಣ್ಣು ಕೀಳಬಾರದು, ಆದ್ದರಿಂದ ಪಕ್ಕದಲ್ಲಿ ಒಬ್ಬ ನಿಂತು ಸುತ್ತಲಿನದನ್ನು ಹೇಳುತ್ತಿರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ವಿಮಾನ ಕಣ್ಣಿಗೆ ಕಾಣದೆ ಹೋದರೆ ಹುಡುಕುತ್ತ ನಿಲ್ಲಬಾರದು. ತಕ್ಷಣ ಎಂಜಿನ್ನು ನಿಲ್ಲಿಸಿಬಿಡಬೇಕು. ಎಲ್ಲೋ ದೂರ ಹೋಗಿ ಯಾರದೋ ತಲೆಗೆ ಬಡಿಯುವುದಕ್ಕಿಂತ ಹತ್ತಿರದಲ್ಲೇ ಬಿದ್ದು ಮುರಿದರೆ ಒಳ್ಳೆಯದು.

ಪಕ್ಕದಲ್ಲಿ ನಿಲ್ಲುವ ಕೆಲಸ ನನ್ನ ಪಾಲಿಗೆ ಬಂತು. "ಅಲ್ಲೂ ನೀನೇ, ಇಲ್ಲೂ ನೀನೇ," ಎಂದರು ಭಾವ.

ಮೊದಲ ಭಾನುವಾರ ಡಾಕ್ಟರು ತಮ್ಮ ರೇಡಿಯೋಗೂ ಭಾವನ ರೇಡಿಯೋಗೂ ವೈರು ಜೋಡಿಸಿ, ತಪ್ಪಾದರೆ ತಾವು ಹಿಡಿದುಕೊಳ್ಳುವ ಹಾಗೆ ಮಾಡಿದರು. ಭಾವನ ಹೆಬ್ಬೆರಳುಗಳು ಏನನ್ನೂ ಮರೆತಿರಲಿಲ್ಲ. ಹಳದಿ ರೆಕ್ಕೆಯ ವಿಮಾನ ಹುಲ್ಲಿನ ಮೇಲೆ ಓಡಿ, ಎದ್ದು, ಬಲಕ್ಕೆ ತಿರುಗಿ ಸೊಗಸಾಗಿ ಸುತ್ತು ಹಾಕಿತು. ಗೆರೆಯ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಎಡಕ್ಕೆ ಹೋದಾಗ ಮಾತ್ರ ಒಮ್ಮೆ ತಡವರಿಸಿತು, ಡಾಕ್ಟರು ಹಿಡಿದುಕೊಂಡರು. "ಬಿಸಿಲು," ಎಂದರು ಭಾವ. ಇಪ್ಪತ್ತು ವರ್ಷದ ಮೇಲೆ ಕೈ ಹಾಕಿದವರಿಗೆ ಅಷ್ಟೂ ಆಗದಿದ್ದರೆ ಹೇಗೆ ಎಂದು ಎಲ್ಲರೂ ಅಂದುಕೊಂಡೆವು.

ಎರಡನೆಯ ಭಾನುವಾರವೂ ಎಡಗಡೆಯೇ ಕೈಕೊಟ್ಟಿತು. ಭಾವನಿಗೆ ಮೂಗಿನ ತುದಿಯಲ್ಲಿ ಕೋಪ. ರೇಡಿಯೋ ಸರಿಯಿಲ್ಲ ಎಂದರು. ವಿಮಾನವನ್ನು ನನ್ನ ಕೈಗೆ ಕೊಟ್ಟು, ಮೈದಾನದ ತುದಿಯವರೆಗೆ ನಡೆದು, ಅಲ್ಲಿಂದ ರೇಡಿಯೋ ಆಡಿಸಿ ನೋಡಿದರು. ಬಾಲ ಆಡಿತು, ರೆಕ್ಕೆ ಆಡಿತು, ಎಲ್ಲ ಸರಿಯಾಗಿತ್ತು. ಹಾಗಾದರೆ ಬಣ್ಣ ಸರಿಯಿಲ್ಲ ಎಂದರು. ವಾರವಿಡೀ ಕೂತು ಎಡರೆಕ್ಕೆಯ ಹಳದಿ ಹಾಳೆ ಕಿತ್ತು, ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ್ದು ಹಾಕಿ, ಮೇಲೆ ಕಪ್ಪು ಪಟ್ಟೆ ಅಂಟಿಸಿದರು. ಅದು ಎಲ್ಲಿಟ್ಟರೂ ಕಾಣುವಂತಿತ್ತು. "ಭಾವ, ಇದು ಪಕ್ಕದೂರಿಗೂ ಕಾಣತ್ತೆ," ಎಂದೆ.

ಮೂರನೆಯ ಭಾನುವಾರ ಅವರು ಡಾಕ್ಟರ ವೈರು ಬೇಡವೆಂದರು. ಆಕಾಶದಲ್ಲಿ ಒಂದು ಚೂರು ಮೋಡ ಇರಲಿಲ್ಲ. ಸೂರ್ಯ ನಮ್ಮ ಬೆನ್ನಿಗಿದ್ದ. ವಿಮಾನ ಚೆನ್ನಾಗಿಯೇ ಎದ್ದಿತು, ಬಲಗಡೆ ಎರಡು ಸುತ್ತು ಹಾಕಿತು, ಆಮೇಲೆ ನಮ್ಮ ಮುಂದಿನಿಂದ ಹಾದು ನಿಧಾನವಾಗಿ ಎಡಕ್ಕೆ ತಿರುಗಿತು. ಎರಡಂತಸ್ತಿನ ಮನೆಯಷ್ಟು ಎತ್ತರ, ಅಷ್ಟೇ. ಕಿತ್ತಳೆ ರೆಕ್ಕೆ ಬಿಸಿಲಿಗೆ ಹೊಳೆಯುತ್ತಿತ್ತು.

"ಹೋಯ್ತು!" ಎಂದು ಕೂಗಿದರು ಭಾವ. "ಕಾಣ್ತಿಲ್ಲ!"

ನಾನು ತಮಾಷೆ ಎಂದುಕೊಂಡೆ. ಅವರ ಮುಖ ನೋಡಿದೆ. ಹುಬ್ಬು ಗಂಟಿಕ್ಕಿ, ಬಲಗಡೆಯ ಖಾಲಿ ಆಕಾಶವನ್ನು ಜಾಲಾಡುತ್ತಿದ್ದರು.

"ಎಡಕ್ಕೆ! ಎದುರಿಗೇ ಇದೆ!" ಎಂದು ಡಾಕ್ಟರು ಕಿರುಚಿದರು.

ಭಾವನ ಹೆಬ್ಬೆರಳು ಕಟ್ಟಳೆಯ ಪ್ರಕಾರ ನಡೆದುಕೊಂಡಿತು. ಎಂಜಿನ್ನು ನಿಂತಿತು. ಅಷ್ಟು ಜನರ ಕಣ್ಣೆದುರಿಗೆ, ನೀಲಿ ಆಕಾಶದಲ್ಲಿ, ಏನೊಂದೂ ಕೆಡದ ವಿಮಾನ ಸದ್ದಡಗಿ ಮೂಗು ಬಗ್ಗಿಸಿತು. ಗೆರೆಯ ಮೇಲಿದ್ದವರು ಚದುರಿ ಓಡಿದರು. ಅದು ನಮ್ಮ ತಲೆಯ ಮೇಲಿಂದಲೇ ಬಂದು, ಭಾವನ ಎಡಗಡೆ ಕೆಲವೇ ಹೆಜ್ಜೆ ದೂರದಲ್ಲಿ ಧಡ್ ಎಂದು ನೆಲಕ್ಕೆ ಬಡಿಯಿತು. ಭಾವ ಸದ್ದಿಗೆ ಬೆಚ್ಚಿ ಪೂರ್ತಿ ತಿರುಗಿದರು. ಮುರಿದ ರೆಕ್ಕೆಯನ್ನು ನೋಡಿದರು, ನಮ್ಮನ್ನು ನೋಡಿದರು.

"ಇಷ್ಟು ಹತ್ತಿರ ಹೇಗೆ ಬಂತು ಇದು?" ಎಂದರು.

ಡಾಕ್ಟರು, "ಬಿಸಿಲು ಕಣ್ಣಿಗೆ ಹೊಡೆದಿರ್ಬೇಕು ಬಿಡಿ," ಎಂದು ರೆಕ್ಕೆಯ ಚೂರು ಆರಿಸತೊಡಗಿದರು. ಬಿಸಿಲು ನಮ್ಮ ಬೆನ್ನಿಗಿತ್ತು. ಅದು ಅವರಿಗೂ ಗೊತ್ತಿತ್ತು.

ಮನೆಗೆ ಬರುವಾಗ ಸ್ಕೂಟರಿನ ಹಿಂದೆ ಕೂತ ಭಾವ ಹೊಸ ರೇಡಿಯೋ ಮಾಡಿದವನ ವಂಶಕ್ಕೆಲ್ಲ ಬೈಯುತ್ತಿದ್ದರು. ನಾನು ಹೂಂಗುಟ್ಟುತ್ತ ಸ್ಕೂಟರು ಓಡಿಸುತ್ತಿದ್ದೆ. ಬಾಗಿಲ ಚೌಕಟ್ಟು, ಉರುಳಿದ ಲೋಟ, ತಟ್ಟೆಯ ಎಡಕ್ಕೆ ಉಳಿದ ಊಟ ಎಲ್ಲ ಒಂದರ ಹಿಂದೊಂದು ತಲೆಯೊಳಗೆ ಬರತೊಡಗಿತು. ಆಮೇಲೆ ಕಳೆದ ತಿಂಗಳ ಒಂದು ಮಧ್ಯಾಹ್ನ ನೆನಪಾಯಿತು. ಕಬ್ಬಿಣದ ಸರಳಿನ ಕಟ್ಟು ನೇರ ಏಳದೆ ಎಡಕ್ಕೆ ತೂಗಿ ನನ್ನ ಎದೆಯ ಮುಂದೆ ಹಾದುಹೋಗಿತ್ತು. ನಾನು ಹಿಂದಕ್ಕೆ ಹಾರಿ ಟ್ಯಾಂಕಿಗೆ ಬೆನ್ನು ಬಡಿಸಿಕೊಂಡಿದ್ದೆ. ಸಂಜೆ ಕೇಳಿದ್ದಕ್ಕೆ ಭಾವ, "ಗಾಳಿ ಕಣಯ್ಯಾ. ನೀನ್ಯಾಕೆ ಅಷ್ಟು ಮುಂದೆ ಬಂದು ನಿಂತಿದ್ದೆ?" ಎಂದಿದ್ದರು. ನಾನು ಮುಂದೆ ಬಂದಿರಲಿಲ್ಲ. ಎಂದಿನ ಜಾಗದಲ್ಲೇ ನಿಂತಿದ್ದೆ.

ಸ್ಕೂಟರನ್ನು ರಸ್ತೆ ಪಕ್ಕ ನಿಲ್ಲಿಸಿದೆ.

"ಏನಾಯ್ತೋ?"

"ಪೆಟ್ರೋಲು ಇದೆಯಾ ಅಂತ ನೋಡ್ದೆ," ಎಂದೆ.

ಮನೆಯಲ್ಲಿ ಹೆಂಡತಿಗೆ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದೆ. ಅವಳು ಸೌಟು ಹಿಡಿದವಳು ಹಾಗೇ ನಿಂತುಬಿಟ್ಟಳು. "ಹುಚ್ಚುಹುಚ್ಚಾಗಿ ಮಾತಾಡ್ಬೇಡಿ. ಅಣ್ಣ ವರ್ಷವರ್ಷ ಕಣ್ಣು ಪರೀಕ್ಷೆ ಮಾಡಿಸ್ತಾನೆ. ಗೋಡೆ ಮೇಲಿನ ಚಿಕ್ಕಕ್ಷರವೂ ಓದ್ತಾನೆ."

ಅದು ನಿಜ. ಆದರೂ ಊಟವಾದ ಮೇಲೆ ಧೈರ್ಯ ಮಾಡಿ, "ಭಾವ, ಒಂದ್ಸಲ ಕಣ್ಣಿನ ಡಾಕ್ಟರಿಗೆ ತೋರಿಸೋಣ್ವಾ?" ಎಂದೆ.

ಭಾವ ಕೈ ಒರೆಸುತ್ತಿದ್ದ ಟವೆಲನ್ನು ಕುರ್ಚಿಯ ಮೇಲೆ ಬಿಸಾಡಿದರು. "ಯಾರಿಗೆ ಕಣ್ಣಿನ ಪಾಠ ಹೇಳ್ತಿದೀಯ? ನನಗಾ? ನನ್ನ ಕಣ್ಣು ಹೋಗಿದ್ರೆ ನೀನು ಇಷ್ಟು ದಿನ ಬದುಕಿರ್ತಿದ್ಯಾ?"

ಅವರು ಕೋಪದಲ್ಲಿ ಅಂದ ಮಾತು. ಹೆಂಡತಿ ನನ್ನ ಮುಖ ನೋಡಿದಳು. ಭಾವ ಮೆಟ್ಟಿಲು ಹತ್ತಿ ಮೇಲೆ ಹೋದರು, ಹೋಗುವಾಗ ಎಡಗಡೆಯ ಕಂಬಿಗೆ ಮೊಣಕೈ ತಗಲಿ ಠಣ್ ಎಂದಿತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸೋಮವಾರ ಬೆಳಿಗ್ಗೆ ಭಾವ ಎಂದಿನಂತೆ ಏಣಿ ಹತ್ತಿ ಕ್ಯಾಬಿನ್ನು ಸೇರಿದರು. ನಾನೇನು ಮಾಡಬೇಕು? ಮೇಲಧಿಕಾರಿಗಳ ಬಳಿ ಹೋಗಿ 'ಹದ್ದಣ್ಣನಿಗೆ ಕಣ್ಣು ಕಾಣುವುದಿಲ್ಲ' ಎಂದರೆ ನಗುತ್ತಾರೆ. ಅಕಸ್ಮಾತ್ ನಂಬಿದರೆ, ನಾನು ತಪ್ಪಾಗಿದ್ದರೆ, ಆ ಮನುಷ್ಯನ ಅನ್ನ ನಾನೇ ಕಿತ್ತುಕೊಂಡಂತೆ. ನಾನು ಸರಿಯಾಗಿದ್ದು ಸುಮ್ಮನಿದ್ದರೆ ಸರಪಳಿಯವನೋ, ಸಿಮೆಂಟು ಹೊರುವವರೋ, ನಾನೋ, ಯಾರಾದರೊಬ್ಬರು ಮನೆಗೆ ಹೋಗುವುದಿಲ್ಲ. ಒಂದೇ ದಾರಿ ಹೊಳೆಯಿತು.

ಸರಪಳಿಯವನನ್ನು ಕರೆದು, "ಮೊದಲು ಆ ಖಾಲಿ ಬಕೆಟ್ಟಿಗೆ ಕೊಕ್ಕೆ ಹಾಕು," ಎಂದೆ. ಕಾಂಕ್ರೀಟು ತುಂಬಿ ಮೇಲೆ ಕಳಿಸುವ ದೊಡ್ಡ ಕಬ್ಬಿಣದ ಬಕೆಟ್ಟು ಅದು. ಖಾಲಿಯಾದರೆ ಬಿದ್ದರೂ ಅಪಾಯ ಕಡಿಮೆ. ಸುತ್ತಲಿನವರನ್ನೆಲ್ಲ ದೂರ ಕಳಿಸಿದೆ.

"ಕೈ ಅಣ್ಣ, ಖಾಲಿ ಬಕೆಟ್ಟಿಗೆ ಇಷ್ಟು ಗಲಾಟೆ ಯಾಕೆ?" ಎಂದು ಅವನು ನಕ್ಕ.

"ಹೇಳಿದಷ್ಟು ಮಾಡು. ಕೊಕ್ಕೆ ಹಾಕಿ ಎಂದಿನ ಹಾಗೆ ಹಿಂದೆ ಸರಿ. ಆಮೇಲೆ ನಾನು ಕೂಗಿದ್ರೆ ಎರಡೂ ಕೈ ಬೀಸಿ ನಿಲ್ಲಿಸ್ಬೇಕು. ಕ್ರೇನಿನವರ ಬಲಗಡೆ ನಿಂತು ಬೀಸು."

ಅವನು ಕೊಕ್ಕೆ ಹಾಕಿದ. ನಾನು ಟ್ಯಾಂಕಿನ ಪಕ್ಕ ನಿಲ್ಲಲಿಲ್ಲ. ಟ್ಯಾಂಕಿನ ಹಿಂದೆ ಹೋಗಿ, ಮೇಲಿನಿಂದ ಯಾರಿಗೂ ಕಾಣದಂತೆ ಗೋಡೆಗೆ ಅಂಟಿಕೊಂಡು ಕೂತೆ. ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೆ. ನನ್ನ ಜಾಗದಲ್ಲಿ ಯಾರೂ ಇರಲಿಲ್ಲ, ಸಿಮೆಂಟಿನ ಮೇಲೆ ನನ್ನ ಬೂಟಿನ ಗುರುತು ಬಿಟ್ಟರೆ.

ದೇವರೇ, ಹಾರ್ನ್ ಆಗದಿರಲಿ ಎಂದುಕೊಂಡೆ. ಭಾವ ಕ್ಯಾಬಿನ್ನಿನ ಕಿಟಕಿಯಿಂದ ತಲೆ ಹಾಕಿ ನನಗೆ ವಾಚಾಮಗೋಚರ ಬೈಯಲಿ. 'ಎಲ್ಲಿ ಸತ್ತೆಯೋ ಕೈ?' ಎನ್ನಲಿ. ಅಷ್ಟಾದರೆ ಸಾಕು, ಜನ್ಮವಿಡೀ ಅವರ ವಿಮಾನ ಹೊತ್ತುಕೊಂಡು ತಿರುಗುತ್ತೇನೆ.

ಸರಪಳಿಯವನು ಹಿಂದೆ ಸರಿದ.

ಹಾರ್ನ್ ಆಯಿತು. ಎಂದಿನ ಹಾಗೆ ಒಂದೇ ಒಂದು ಸಲ, ಗಟ್ಟಿಯಾಗಿ, ಎಂದಿಗಿಂತ ತಡವೂ ಇಲ್ಲ, ಅನುಮಾನವೂ ಇಲ್ಲ. ನಿನ್ನನ್ನು ನೋಡಿದೆ. ಆಮೇಲೆ ಸರಪಳಿ ಬಿಗಿದು ಬಕೆಟ್ಟು ನೆಲ ಬಿಟ್ಟು ಮೇಲೇಳಿತು.

ಯಾರೂ ಕೈ ಎತ್ತಿರಲಿಲ್ಲ. ಸರಪಳಿಯವನು ಬಕೆಟ್ಟನ್ನೂ ನನ್ನ ಖಾಲಿ ಜಾಗವನ್ನೂ ಮಿಕಿಮಿಕಿ ನೋಡಿದ. ಅವನ ಮುಖದಿಂದ ನಗು ಜಾರಿತು. ನಾನು ಕೂಗುವ ಮುಂಚೆಯೇ ಅವನು ಎರಡೂ ಕೈ ಬೀಸಿದ. ಬಕೆಟ್ಟು ಜಗ್ಗಿ ನಿಂತಿತು, ತೂಗಾಡಿತು. ಭಾವನಿಗೆ ಅವನು ಕಂಡ, ಅವನು ಬಲಗಡೆ ಇದ್ದ.

ಏಣಿಯನ್ನು ನಾನು ಹೇಗೆ ಹತ್ತಿದೆನೋ ಗೊತ್ತಿಲ್ಲ. ಎತ್ತರವೆಂದರೆ ನನಗೆ ಆಗದು. ಅಷ್ಟು ವರ್ಷ ಕೆಳಗೇ ಉಳಿದದ್ದಕ್ಕೆ ಅದೂ ಒಂದು ಕಾರಣ. ಕ್ಯಾಬಿನ್ನಿನ ಬಾಗಿಲು ತಳ್ಳಿದಾಗ ಭಾವ ಬೆಚ್ಚಿದರು. ನಾನು ಅವರ ಎಡಗಡೆಯಿಂದ ಬಂದಿದ್ದೆ.

"ನೀನ್ಯಾಕೋ ಮೇಲೆ ಬಂದೆ? ಅವನ್ಯಾಕೆ ನಿಲ್ಲಿಸಿದ?"

"ಭಾವ, ಹಾರ್ನ್ ಹೊಡೆದ್ರಲ್ಲ, ಆಗ ನಾನು ಎಲ್ಲಿದ್ದೆ?"

"ಎಲ್ಲಿರ್ತೀಯ? ಟ್ಯಾಂಕಿನ ಪಕ್ಕ."

"ಕೈ ಎತ್ತಿದ್ನಾ?"

"ಎತ್ತಿದ್ದೆ. ನೀನು ಎತ್ತದೆ ನಾನು ಹಾರ್ನ್ ಹೊಡೀತೀನಾ?"

"ನಾನು ಅಲ್ಲಿರ್ಲಿಲ್ಲ ಭಾವ. ಟ್ಯಾಂಕಿನ ಹಿಂದೆ ಕೂತಿದ್ದೆ. ಅಲ್ಲಿ ಯಾರೂ ಇರ್ಲಿಲ್ಲ."

ಅವರು ನಗಲು ನೋಡಿದರು. ಆಮೇಲೆ ಕೆಳಗೆ ನೋಡಿದರು, ತೂಗುತ್ತಿದ್ದ ಬಕೆಟ್ಟನ್ನು. ಆಮೇಲೆ ಕತ್ತನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದರು. ಟ್ಯಾಂಕು ಅವರ ನೋಟಕ್ಕೆ ಸಿಕ್ಕಿದ್ದು ಯಾವ ಗಳಿಗೆಯಲ್ಲಿ ಎಂದು ನನಗೆ ಗೊತ್ತಾಯಿತು, ಏಕೆಂದರೆ ಆಗ ಅವರು ಉಸಿರು ಹಿಡಿದರು. ಕತ್ತನ್ನು ಮತ್ತೆ ನೇರ ಮಾಡಿದರು. ಮತ್ತೆ ಎಡಕ್ಕೆ ಹೊರಳಿಸಿದರು. ನಾಲ್ಕಾರು ಸಲ ಹಾಗೆ ಮಾಡಿದರು. ಪ್ರತಿ ಸಲವೂ ಮುಖದ ಬಣ್ಣ ಒಂದಿಷ್ಟು ಇಳಿಯುತ್ತಿತ್ತು.

"ಇಲ್ಲೇ ಇತ್ತಲ್ಲೋ," ಎಂದರು. "ಟ್ಯಾಂಕೂ ಇತ್ತು, ನೀನೂ ಇದ್ದೆ. ನಾನು ನೋಡ್ದೆ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಎಷ್ಟೋ ವರ್ಷ ನೋಡಿ ನೋಡಿ ಅಭ್ಯಾಸವಾದ ಜಾಗದಲ್ಲಿ ಅವರ ತಲೆ ನನ್ನನ್ನು ತಾನೇ ನಿಲ್ಲಿಸಿಕೊಂಡಿತ್ತು, ಕೈಯನ್ನೂ ತಾನೇ ಎತ್ತಿಸಿತ್ತು. ಸರಪಳಿಯವನು ಹಿಂದೆ ಸರಿದದ್ದು ಕಂಡರೆ ಸಾಕಾಗಿತ್ತು, ಮುಂದಿನದೆಲ್ಲ ತಾನಾಗಿಯೇ ನಡೆದಿತ್ತು.

"ಎಷ್ಟು ದಿನದಿಂದ?" ಎಂದು ಕೇಳಿದರು. ನನ್ನನ್ನು ಕೇಳಿದರೆ ನಾನೇನು ಹೇಳಲಿ? ಆಮೇಲೆ, ಸರಳಿನ ಕಟ್ಟು ಅವರಿಗೂ ನೆನಪಾಗಿರಬೇಕು, ನನ್ನ ಎದೆಯ ಕಡೆ ನೋಡಿದರು. ಅವರ ಗಲ್ಲ ಅದುರತೊಡಗಿತು. "ಗಾಳಿ ಅಂದೆ ನಿಂಗೆ. ನೀನೇ ಮುಂದೆ ಬಂದೆ ಅಂದೆ. ಅಯ್ಯೋ, ನನ್ನ ತಂಗಿಗೆ ಏನು ಹೇಳ್ತಿದ್ದೆ ನಾನು?"

ನನಗೂ ಅಳು ಬಂತು. ಗಾಜಿನ ಕ್ಯಾಬಿನ್ನಿನೊಳಗೆ, ಊರೆಲ್ಲ ಕಾಣುವ ಎತ್ತರದಲ್ಲಿ, ಇಬ್ಬರು ನಡುವಯಸ್ಸು ದಾಟಿದ ಗಂಡಸರು ಅತ್ತೆವು. ಕೆಳಗಿನಿಂದ ಸರಪಳಿಯವನು ಏನೋ ಕೂಗುತ್ತಿದ್ದ.

ಭಾವ ಬಕೆಟ್ಟನ್ನು ಅಂಗುಲ ಅಂಗುಲವಾಗಿ ನೆಲಕ್ಕಿಳಿಸಿದರು. ನಾನು ಪಕ್ಕದಲ್ಲಿ ನಿಂತು ಎಡಗಡೆ ಏನಿದೆ ಎಂದು ಹೇಳುತ್ತಿದ್ದೆ. ಕ್ರೇನಿನ ಬೀಗದ ಕೈ ತಿರುಗಿಸಿ, ಕಿತ್ತು, ನನ್ನ ಅಂಗೈಯಲ್ಲಿ ಇಟ್ಟರು. ಬಾಗಿಲ ಬಳಿ ಬಂದು ಏಣಿ ನೋಡಿ ನಿಂತುಬಿಟ್ಟರು. ಬೆಳಿಗ್ಗೆಯಷ್ಟೇ ಶಿಳ್ಳೆ ಹಾಕುತ್ತ ಹತ್ತಿದ್ದ ಏಣಿ ಅದು.

"ನೀನು ಮುಂದೆ ಇಳಿ," ಎಂದರು. "ನನ್ನ ಎಡಗಾಲು ಮೆಟ್ಟಿಲ ಮೇಲೆ ಇದೆಯಾ ಅಂತ ಹೇಳ್ತಾ ಹೋಗು."

ಎತ್ತರಕ್ಕೆ ಹೆದರುವ ನಾನು, ಹೆದರಿಕೆಯನ್ನೇ ಅರಿಯದಿದ್ದ ಅವರ ಪಾದವನ್ನು ಮೆಟ್ಟಿಲು ಮೆಟ್ಟಿಲಿಗೂ ಕೈಯಿಂದ ಇಟ್ಟು ಇಳಿಸಿದೆ.

ಕಣ್ಣಿನ ಡಾಕ್ಟರಮ್ಮ ಮಧ್ಯಾಹ್ನವೇ ನೋಡಿದರು. ಒಂದು ದೊಡ್ಡ ಬಿಳಿ ಬೋಗುಣಿಯಂಥ ಯಂತ್ರದೊಳಗೆ ಮುಖ ಇಡಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಬಟನ್ ಒತ್ತಬೇಕೆಂದರು. ಭಾವ ಒತ್ತುತ್ತಿದ್ದರು, ಸುಮ್ಮನಾಗುತ್ತಿದ್ದರು. ಸುಮ್ಮನಾದಾಗಲೆಲ್ಲ ನನ್ನ ಹೆಂಡತಿ ನನ್ನ ತೋಳು ಹಿಂಡುತ್ತಿದ್ದಳು. ಆಮೇಲೆ ತಲೆಯ ಸ್ಕ್ಯಾನೂ ತೆಗೆಸಿ ನೋಡಿ, ಕಣ್ಣು ಎರಡೂ ಚೆನ್ನಾಗಿವೆ ಎಂದರು ಡಾಕ್ಟರಮ್ಮ. ಹಾಳಾಗಿದ್ದು ಕಣ್ಣಲ್ಲ. ತಲೆಯ ಹಿಂಭಾಗದಲ್ಲಿ, ನೋಟವನ್ನು ಅರ್ಥಮಾಡಿಕೊಳ್ಳುವ ಜಾಗದಲ್ಲಿ, ರಕ್ತನಾಳವೊಂದು ಯಾವಾಗಲೋ ಕಟ್ಟಿಕೊಂಡಿದೆ. ಎರಡೂ ಕಣ್ಣಿನ ನೋಟದಲ್ಲಿ ಎಡಭಾಗ ಹೋಗಿದೆ. ನೇರ ನೋಡಿದ್ದು ಕಾಣುವುದರಿಂದ ಗೋಡೆಯ ಅಕ್ಷರವೆಲ್ಲ ಓದಬಹುದು. "ಇಂಥವರಿಗೆ ಕತ್ತಲೆ ಕಾಣಲ್ಲ, ಏನೂ ಇಲ್ಲ ಅಂತಾನೂ ಅನ್ಸಲ್ಲ. ಅದಕ್ಕೇ ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

"ವಿಮಾನ ಬಿತ್ತು," ಎಂದರು ಭಾವ. ಡಾಕ್ಟರಮ್ಮ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದರು.

ಕೆಲವು ತಿಂಗಳ ಹಿಂದೆ ತಲೆ ಸಿಡಿಯುತ್ತಿದೆ ಎಂದು ಭಾವ ಕೆಲಸದಿಂದ ಬೇಗ ಇಳಿದು ಬಂದು ಮಲಗಿದ್ದು ನನ್ನ ಹೆಂಡತಿಗೆ ಆಗ ನೆನಪಾಯಿತು. ಅವತ್ತು ಅವಳು ಒದ್ದೆ ಬಟ್ಟೆ ಹಣೆಗೆ ಹಾಕಿ, ಬಿಸಿಲಿಗೆ ಕೂತರೆ ಹೀಗೇ ಎಂದು ಗದರಿಸಿದ್ದಳು. ಹೋದ ನೋಟ ಬರುವುದಿಲ್ಲ, ಇನ್ನೊಂದು ರಕ್ತನಾಳ ಕಟ್ಟದಂತೆ ಮಾತ್ರೆ ನುಂಗಬೇಕು ಎಂದರು ಡಾಕ್ಟರಮ್ಮ. ಮನೆಯ ಗೇಟಿನ ಬಳಿ ಭಾವ ಒಮ್ಮೆ ನಿಂತು, "ನಾನು ಎಂಜಿನ್ ನಿಲ್ಲಿಸಿದಾಗ ಅದು ನಿಜವಾಗ್ಲೂ ಎದುರಿಗೇ ಇತ್ತಾ?" ಎಂದು ಕೇಳಿದರು.

"ಎದುರಿಗೇ ಇತ್ತು ಭಾವ. ಕಿತ್ತಳೆ ರೆಕ್ಕೆ ಹೊಳೀತಿತ್ತು."

"ಅಷ್ಟು ಬಣ್ಣ ಹಾಕಿದ್ದೆ," ಎಂದರು.

ಈಗ ಅವರು ಕ್ರೇನು ಹತ್ತುವುದಿಲ್ಲ. ಹೊಸದಾಗಿ ಬರುವ ಕ್ರೇನಿನವರಿಗೆ ನೆಲದ ಮೇಲೆ ಕೋಲಿನಿಂದ ಗೀರು ಎಳೆದು ಪಾಠ ಹೇಳುತ್ತಾರೆ. ಮೊಳೆಗೆ ನೇತುಹಾಕಿದ್ದ ವಾಕಿಟಾಕಿ ಎಲ್ಲರ ಸೊಂಟದಲ್ಲೂ ಇದೆ. ಹದ್ದಣ್ಣ ಎಂದು ಕರೆಯುವುದನ್ನು ಜನ ಮೆಲ್ಲಗೆ ಬಿಟ್ಟರು. ನಾನು ಬಿಟ್ಟಿಲ್ಲ. ಬಿಟ್ಟರೆ ಅವರಿಗೆ ಇನ್ನೂ ಬೇಜಾರಾಗುತ್ತದೆ ಎಂದು ನನಗೆ ಗೊತ್ತು.

ಮುರಿದ ರೆಕ್ಕೆಯನ್ನು ಅವರು ಬಹಳ ದಿನ ಮುಟ್ಟಲಿಲ್ಲ. ಒಂದು ದಿನ ಇಸ್ತ್ರಿಪೆಟ್ಟಿಗೆ ಮತ್ತೆ ಕಾಣೆಯಾಯಿತು. ನನ್ನ ಹೆಂಡತಿ ಹುಡುಕಲೇ ಇಲ್ಲ, ಸುಕ್ಕು ಅಂಗಿಯನ್ನೇ ನನ್ನ ಕೈಗೆ ಕೊಟ್ಟು, "ಹಾಕ್ಕೊಂಡು ಹೋಗಿ," ಎಂದಳು. ಅವಳ ಕಣ್ಣು ತುಂಬಿತ್ತು.

ಈಗ ಭಾನುವಾರಗಳಲ್ಲಿ ಹಲ್ಲಿನ ಡಾಕ್ಟರು ವೈರು ಜೋಡಿಸಿ, ತಮ್ಮ ರೇಡಿಯೋ ಹಿಡಿದು ಹಿಂದೆ ನಿಲ್ಲುತ್ತಾರೆ. ಭಾವ ಮೈಯನ್ನು ಎಡಕ್ಕೆ ತಿರುಗಿಸಿಕೊಂಡು ನಿಲ್ಲುವುದನ್ನು ಕಲಿತಿದ್ದಾರೆ. ಹಾಗೆ ನಿಂತರೆ ಮೈದಾನದ ಆಕಾಶವೆಲ್ಲ ಬಲಗಡೆ ಬರುತ್ತದೆ. ಕಾಣದ ಎಡಗಡೆಯಲ್ಲಿ ನಾನು ನಿಲ್ಲುತ್ತೇನೆ. ವಿಮಾನ ಹುಲ್ಲಿನ ಮೇಲೆ ಗುರುಗುಡುತ್ತಿರುತ್ತದೆ. ನಾನು ಬಲಗೈ ಎತ್ತುತ್ತೇನೆ.

ಭಾವ ಅವಸರ ಮಾಡುವುದಿಲ್ಲ. ಕತ್ತನ್ನು ಪೂರ್ತಿ ನನ್ನ ಕಡೆ ತಿರುಗಿಸುತ್ತಾರೆ, ನನ್ನ ಕೈ ನೋಡುತ್ತಾರೆ, ಆಮೇಲೆ ನನ್ನ ಮುಖವನ್ನು ನೋಡುತ್ತಾರೆ. "ನೋಡ್ದೆ," ಎಂದು ಬಾಯಿಬಿಟ್ಟು ಹೇಳುತ್ತಾರೆ. ಪ್ರತಿ ಭಾನುವಾರ ಆ ಮಾತು ಕೇಳಿದಾಗ ನನಗೆ ಕ್ರೇನಿನ ಹಾರ್ನ್ ನೆನಪಾಗುತ್ತದೆ. ಅಷ್ಟು ತಿಂಗಳು ಅದನ್ನು ಕೇಳಿಸಿಕೊಂಡು, ಅವರಿಗೆ ಕಾಣದ ಆ ಜಾಗದಲ್ಲಿ ನಾನು ಎಷ್ಟು ನಿಶ್ಚಿಂತೆಯಿಂದ ನಿಂತಿದ್ದೆ! ಆಮೇಲೆ ಅವರು ಎಂಜಿನ್ನಿನ ಸದ್ದು ಏರಿಸುತ್ತಾರೆ, ನಾನು ಕೈ ಇಳಿಸುತ್ತೇನೆ.